ದಿಟದ ಹಾವಿನ ಹಸಿವು



ಶ್ರಾವಣ ಶುದ್ಧ ಪಂಚಮಿಯನ್ನು ನಮ್ಮ ಮಠದಲ್ಲಿ ಬಸವ ಪಂಚಮಿಯೆಂದು ಆಚರಿಸುವುದು ತಮಗೆಲ್ಲ ತಿಳಿದ ವಿಷಯ. ಅಂದು ಹುತ್ತಕ್ಕೆ ಹಾಲೆರೆಯುವ ಬದಲು ಶಾಲೆಯ ಮಕ್ಕಳಿಗೆ ಹಾಲು ಹಂಚುತ್ತೇವೆ. ಕಳೆದ ಶ್ರಾವಣದಲ್ಲಿ ಪೂಜ್ಯ ಶ್ರೀಗಳ ಅಪ್ಪಣೆಯಂತೆ ನಾನು ಮಾತನಾಡಿದೆ. ಕಲ್ಲಿನ ಹಾವಿಗೆ ಹಾಲು, ಜೀವಂತ ಹಾವಿಗೆ ದೊಣ್ಣೆ ಎಂಬ ನಮ್ಮ ವಿಪರೀತ ನಡೆಯನ್ನು ಬಸವಣ್ಣನವರು ಎತ್ತಿ ತೋರಿದ ವಚನವೇ ಅಂದಿನ ವಿಷಯ. ಹಾವು ಕುಡಿಯುವುದು ನೀರನ್ನು, ಹಾಲು ಅದರ ಆಹಾರವೇ ಅಲ್ಲ ಎಂಬುದನ್ನೂ ವಿವರಿಸಿದೆ. ಸಭಿಕರು ತಲೆದೂಗಿದರು. ನನಗೂ ಹೆಮ್ಮೆಯೆನಿಸಿತು.

ಎಂಟು ದಿನ ಕಳೆಯುವಷ್ಟರಲ್ಲಿ ಭಕ್ತರೊಬ್ಬರ ಮಗ ನನ್ನ ಕೋಣೆಗೆ ಬಂದನು. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಯಾರಿಂದಲೋ ಎರಡು ಬಾಲ್ ಪೈಥಾನ್ ಹಾವುಗಳನ್ನು ಕೊಂಡು ತಂದು ಮೂರು ತಿಂಗಳಾಗಿತ್ತು. ಒಂದು ಹಾವು ಐದು ವಾರಗಳಿಂದ ಏನನ್ನೂ ತಿಂದಿರಲಿಲ್ಲ. ತಾಯಿಯವರು ಹೆದರಿ ತವರಿಗೆ ಹೋಗಿದ್ದರು.

“ಸರ್, ಇವನ್ನ ನೀವಾ ಇಟ್ಕೋರಿ. ಅವತ್ತು ನಿಮ್ಮ ಮಾತು ಕೇಳೇನಿ. ಮಠದಾಗ ಇದ್ರ ಯಾರೂ ಹೊಡಿಯಂಗಿಲ್ಲ” ಎಂದನು.

ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೂ ಒಂದು ದಿನದ ಅವಕಾಶ ಕೇಳಿ, ಸಂಜೆ ಅವನ ಮನೆಗೆ ಹೋಗಿ ನೋಡಿದೆ. ಬರಿಯ ಗಾಜಿನ ಪೆಟ್ಟಿಗೆ. ಅಡಗಲು ಒಂದು ಮರೆಯಿಲ್ಲ. ಗೆಳೆಯರು ಬಂದಾಗಲೆಲ್ಲ ಹೊರತೆಗೆದು ಕೊರಳಿಗೆ ಹಾಕಿ ಫೋಟೋ ತೆಗೆಯುವುದು ನಡೆದಿತ್ತು. ಹಾವು ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಹುದುಗಿಸಿತ್ತು. ಹುಡುಗ ಅದನ್ನು ಆಟವೆಂದು ತಿಳಿದಿದ್ದನು. ಅದು ಭಯದ ಲಕ್ಷಣವೆಂದು ಹಾವುಗಳನ್ನು ಬಲ್ಲ ಪಶುವೈದ್ಯರೊಬ್ಬರು ದೂರವಾಣಿಯಲ್ಲಿ ತಿಳಿಸಿದರು. ಇವು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ವಿಷರಹಿತ ಹಾವುಗಳು. ಮರೆಯ ತಾಣ ಬೇಕು, ಪೆಟ್ಟಿಗೆಯ ಒಂದು ಬದಿಯಲ್ಲಿ ಸುಮಾರು 31-32 ಡಿಗ್ರಿ ಶಾಖ ಬೇಕು, ಆಹಾರಕ್ಕೆ ಇಲಿ ಬೇಕು. ಒಳ್ಳೆಯ ಆರೈಕೆಯಲ್ಲಿ 20ರಿಂದ 30 ವರ್ಷ ಬದುಕುತ್ತವೆ.

ಇದನ್ನೆಲ್ಲ ಶ್ರೀಗಳಲ್ಲಿ ಅರಿಕೆ ಮಾಡಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: “ತಮ್ಮಾ, ಅದಕ್ಕ ಊಟ ನಿನ್ನ ಕೈಯಿಂದ ಹಾಕತಿಯೇನು?”

ನಾನು ನಿರುತ್ತರನಾದೆ. ಇಲಿಯೂ ಜೀವವೇ. ದಾಸೋಹದ ಮನೆಯ ಪಕ್ಕದಲ್ಲಿ ಕುಳಿತು ಹಾವಿಗೆ ಇಲಿಯನ್ನು ನೀಡಲು ನನ್ನ ಕೈ ಏಳದು. ನನ್ನ ವ್ರತಕ್ಕಾಗಿ ಹಾವು ತನ್ನ ಹಸಿವನ್ನು ಬಿಡಲಾರದು. ಆ ವಚನದ ಉತ್ತರಾರ್ಧವನ್ನು ನಾನು ಪ್ರವಚನದಲ್ಲಿ ಅವಸರದಿಂದ ದಾಟಿಸಿದ್ದೆನೆಂಬುದು ಆಗ ಹೊಳೆಯಿತು. ಹಸಿವಿಲ್ಲದ ಕಡೆ ಎಡೆಯಿಟ್ಟು, ಹಸಿದು ಬಂದ ಜಂಗಮನನ್ನು ಹೊರಗೆ ಕಳುಹಿಸುವವರನ್ನು ಬಸವಣ್ಣನವರು ಅಲ್ಲಿ ವಿಚಾರಿಸಿಕೊಳ್ಳುತ್ತಾರೆ. ಕಲ್ಲಿನ ಹಾವು ನಮ್ಮಿಂದ ಏನನ್ನೂ ಬೇಡುವುದಿಲ್ಲ, ಆದುದರಿಂದಲೇ ಅದಕ್ಕೆ ಪೂಜೆ ಸುಲಭ. ಜೀವವಿರುವ ಹಾವಿಗೆ ಹಸಿವಿದೆ, ಚಳಿಯಿದೆ, ಭಯವಿದೆ. ಹುಡುಗ ಅದನ್ನು ಫೋಟೋಗಾಗಿ ಕಲ್ಲಾಗಿಸಿದ್ದನು. ನಾನು ನನ್ನ ಪ್ರವಚನಕ್ಕೆ ಸಾಕ್ಷಿಯಾಗಲೆಂದು ಅದನ್ನೇ ಮಾಡಹೊರಟಿದ್ದೆ. ನನಗೆ ಅದನ್ನು ಸಾಕುವ ಅರಿವೂ ಇರಲಿಲ್ಲ, ಆಚಾರವೂ ಇರಲಿಲ್ಲ.

ಹಾವುಗಳನ್ನು ಪಡೆಯಲಾರೆನೆಂದು ಹುಡುಗನಿಗೆ ತಿಳಿಸಿದೆ. “ಹಂಗಾರ ಅಡವಿಗೆ ಬಿಡಲೇನ್ರಿ?” ಎಂದು ಕೇಳಿದನು. ಪರದೇಶದ ಜೀವಿಯನ್ನು ನಮ್ಮ ಕಾಡಿಗೆ ಬಿಡುವುದು ಅದಕ್ಕೂ ಕೇಡು, ಕಾಡಿಗೂ ಕೇಡು ಎಂದು ತಡೆದೆ. ಬೇಡವೆಂದು ಹೇಳಿ ಬಾಗಿಲು ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ. ಪಶುವೈದ್ಯರು ಹೇಳಿದಂತೆ ಒಡೆದ ಮಡಕೆಗಳನ್ನು ಬೋರಲು ಹಾಕಿ ಮರೆ ಮಾಡಿದೆವು. ಅಗಲವಾದ ಬಟ್ಟಲಲ್ಲಿ ನೀರಿಟ್ಟು, ಶಾಖದ ಏರ್ಪಾಡು ಮಾಡಿ, ಮುಟ್ಟದೆ ಬಿಟ್ಟೆವು. ಪ್ರತಿದಿನ ಸಂಜೆ ಹೋಗಿ ಉಷ್ಣತಾಮಾಪಕ ನೋಡುವುದು ನನ್ನ ಕಾಯಕವಾಯಿತು. ಹತ್ತನೆಯ ದಿನ ಹುಡುಗ ಓಡಿಬಂದು, “ತಿಂತು ಸರ್!” ಎಂದನು. ನನಗೂ ಆನಂದವಾಯಿತು. ಆಮೇಲೆ, ಒಂದು ಇಲಿಯ ಸಾವಿಗೆ ಆನಂದಪಟ್ಟೆನಲ್ಲ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ. ಆ ತೊಡಕು ಇಂದಿಗೂ ಬಿಡಿಸಿಲ್ಲ.

2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳಂತೆ ಇಂತಹ ವಿದೇಶೀ ಪ್ರಾಣಿಯನ್ನು ಪಡೆದವರು 30 ದಿನಗಳೊಳಗೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರಿದವನು ಅದನ್ನು ಹೇಳಿರಲಿಲ್ಲ, ಕೊಂಡವನು ಕೇಳಿರಲಿಲ್ಲ. ದಂಡದ ಭಯದಿಂದ ಹುಡುಗ ಹಿಂಜರಿದನು. ಅವನ ತಂದೆಯವರೂ ನನ್ನ ಮೇಲೆ ಮುನಿದರು. ಕೊನೆಗೆ ನಾವಿಬ್ಬರೂ ಕೂಡಿಯೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಇದ್ದುದನ್ನು ಇದ್ದಂತೆ ಬರೆದುಕೊಟ್ಟೆವು. ಹಾವುಗಳು ಈಗ ಇಲಾಖೆಯ ಸುಪರ್ದಿಯಲ್ಲಿವೆ. ವಿಚಾರಣೆ ಇನ್ನೂ ಮುಗಿದಿಲ್ಲ.

ಮುಂದಿನ ಬಸವ ಪಂಚಮಿಗೂ ಅದೇ ವಚನವನ್ನು ಕುರಿತು ಮಾತನಾಡಬೇಕೆಂದು ಶ್ರೀಗಳ ಅಪ್ಪಣೆಯಾಗಿದೆ. ಈ ಸಲ ಉತ್ತರಾರ್ಧದಿಂದ ಆರಂಭಿಸಬೇಕೆಂದಿದ್ದೇನೆ. ಹುಡುಗನೂ ಬರುವೆನೆಂದಿದ್ದಾನೆ.