ಬೋಳಾರದ ಆರಿದ ಒಲೆಗಳು

ಮಂಗಳೂರಿಗೆ ಹೆಸರಿತ್ತವಳೆಂದು ಜನರು ನಂಬುವ ಮಂಗಳಾದೇವಿಯ ಆಲಯವಿರುವುದು ಬೋಳಾರದಲ್ಲಿ. ಅಲ್ಲಿಂದ ನೇತ್ರಾವತಿಯ ದಂಡೆಯತ್ತ ಸಾಗಿದಂತೆ ಪೇಟೆಯ ಗದ್ದಲ ಹಿಂದೆ ಉಳಿದು, ತೆಂಗಿನ ತೋಟಗಳ ನಡುವೆ ಕೆಂಪು ಮಾಡುಗಳು ಕಾಣತೊಡಗುತ್ತವೆ. ಈ ಕೆಂಪಿನ ತವರೂ ಇದೇ ದಂಡೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಎಂಬವರು ನೆರೆಯ ಜೆಪ್ಪುವಿನಲ್ಲಿ ಹಂಚಿನ ಉದ್ಯಮಕ್ಕೆ ನಾಂದಿ ಹಾಡಿದರು. ಹೊಳೆಯ ಜೇಡಿಮಣ್ಣು, ಘಟ್ಟದ ಕಟ್ಟಿಗೆ, ಕಡಲದಾರಿ ಮೂರೂ ಒದಗಿದ್ದರಿಂದ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು. ಮುಂದೆ ಮಣ್ಣು, ಕಟ್ಟಿಗೆ ಎರಡೂ ದುರ್ಲಭವಾದವು. ಕಾಂಕ್ರೀಟಿನ ಮಹಡಿಗಳು ಬಂದವು. ಅನೇಕ ಭಟ್ಟಿಗಳು ತಣ್ಣಗಾದವು.

ಭಟ್ಟಿ ಆರಿದ್ದನ್ನು ಊರೆಲ್ಲ ಕಂಡಿತು. ಮನೆಯೊಳಗಿನ ಒಲೆ ಆರಿದ್ದನ್ನು ಯಾರೂ ಗಮನಿಸಲಿಲ್ಲ.

ಹಳೆಯ ಹಂಚಿನ ಮನೆಯ ಅಡುಗೆಕೋಣೆಯಲ್ಲಿ ತುಳುವರು ದಿಕ್ಕೆಲ್ ಎನ್ನುವ ಒಲೆ. ಕೆಲವು ಮನೆಗಳಲ್ಲಿ ಅದರ ಮೇಲೆ ಮುರಕಲ್ಲಿನಿಂದ ಕಟ್ಟಿ ಮಾಡಿನಾಚೆಗೆ ಏರಿಸಿದ ಹೊಗೆಗೂಡು. ಬಚ್ಚಲಲ್ಲಿ ಮಡಲು, ಗೆರಟೆ, ಸಿಪ್ಪೆ ಉರಿದು ಹಂಡೆಯ ನೀರು ಕಾಯುತ್ತಿತ್ತು. ಹೊಗೆ ಕಣ್ಣನ್ನು ಉರಿಸಿತೆಂಬುದು ನಿಜ, ಅಡುಗೆಯವಳ ಎದೆಯನ್ನೂ ಕೆಡಿಸಿತು. ಆದರೆ ಮಳೆಗಾಲದುದ್ದಕ್ಕೂ ಅದೇ ಹೊಗೆ ಪಕ್ಕಾಸು, ರೀಪುಗಳನ್ನು ಒಣಗಿಸಿ ಹುಳುವನ್ನು ದೂರವಿಟ್ಟಿತು. ಅಟ್ಟದ ಹುಣಸೆ, ಕೊಬ್ಬರಿಗಳನ್ನೂ ಕಾಯ್ದಿತು. ಒಲೆ ತೆಗೆದ ಮನೆಯವರು ಮರಕ್ಕೆ ಬೇರೆ ರಕ್ಷಣೆ ಕೊಡದಿದ್ದರೆ ಕೆಲವು ವರ್ಷಗಳಲ್ಲೇ ಮಾಡಿನಿಂದ ಹುಡಿ ಉದುರತೊಡಗುತ್ತದೆ.

ಗ್ಯಾಸ್ ಬಂದ ಮೇಲೆ ಹೊಗೆಗೂಡು ಬೇಡವಾಯಿತು. ಅದನ್ನು ಕೀಳುವ ಕೆಲಸ ಮಾತ್ರ ಸುಲಭದ್ದಲ್ಲ. ದೀಪಾವಳಿ ಕಳೆದ ಒಣಹವೆಯೇ ಅದಕ್ಕೆ ತಕ್ಕ ಕಾಲ. ಸಿಪ್ಪೆಯ ಬೂದಿಯಡಿ ಕೆಂಡ ಬಹುಹೊತ್ತು ಜೀವ ಹಿಡಿದಿರುವುದರಿಂದ ಒಲೆಯನ್ನು ಕೆಲವು ದಿನ ತಣ್ಣಗೆ ಬಿಟ್ಟು, ಮಸಿಯನ್ನು ಗುಡಿಸಬೇಕು. ಬುದ್ಧಿವಂತ ಮೇಸ್ತ್ರಿ ಮೊದಲು ಸುತ್ತಿಗೆ ಎತ್ತದೆ ಅಟ್ಟ ಹತ್ತುತ್ತಾನೆ. ಯಾವುದಾದರೂ ಪಕ್ಕಾಸಿನ ತುದಿ ಗೂಡಿನ ಕಲ್ಲಿನ ಮೇಲೆ ಕುಳಿತಿದೆಯೇ ಎಂದು ನೋಡಿ, ಕುಳಿತಿದ್ದರೆ ಆನಿಕೆ ಕೊಟ್ಟ ಬಳಿಕವೇ ಕೆಲಸಕ್ಕೆ ಕೈಹಾಕುತ್ತಾನೆ. ಕೆಡಹುವುದು ಮೇಲಿನಿಂದ ಕೆಳಕ್ಕೆ. ಕೆಳಗಿನ ಕಲ್ಲು ಕಿತ್ತು ಮೇಲಿನದನ್ನು ತೂಗಬಿಡುವ ಅವಸರದ ಕೈ ಪ್ರಾಣಕ್ಕೇ ಎರವಾಗಬಹುದು.

ಗೂಡನ್ನು ಉಳಿಸಿ ಬಾಯಿ ಮಾತ್ರ ಮುಚ್ಚುವವರೂ ಉಂಟು. ಮೇಲೆ ಮಳೆ ಹೊಗದಂತೆ, ಗಾಳಿ ಮಾತ್ರ ಆಡುವಂತೆ ತೊಪ್ಪಿ. ಕೆಳಗೆ ಇಲಿ, ಬಾವಲಿಗಳಿಗೆ ಎಡೆಯಿಲ್ಲದ ಸಣ್ಣ ಜಾಲಂಧ್ರ. ಎರಡು ತುದಿಗಳನ್ನೂ ಸಿಮೆಂಟಿನಿಂದ ಬಿಗಿದರೆ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ನೀರು ಕುಡಿದ ಮುರಕಲ್ಲಿಗೆ ಉಸಿರಾಡಲು ದಾರಿಯಿಲ್ಲ. ಆಷಾಢದಲ್ಲಿ ಬಿಳಿಗೋಡೆಯ ಮೇಲೆ ಕಾಫಿಬಣ್ಣದ ಕಲೆ ಮೂಡುತ್ತದೆ. ಎಷ್ಟು ಸಲ ಬಣ್ಣ ಬಳಿದರೂ ಹಳೆಯ ಮಸಿ ಮತ್ತೆ ಹೊರಗೆ ಇಣುಕುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಲೇಸು.

ಕಲೆ ಕಣ್ಣಿಗೆ ಬೀಳುವ ತೊಂದರೆ. ಕಾಣದ ತೊಂದರೆ ಬಚ್ಚಲಿನದು. ಹಂಡೆಯ ಒಲೆಯನ್ನು ಕಿತ್ತು, ಹೊಗೆಗಂಡಿಯನ್ನು ಕಲ್ಲಿಟ್ಟು ಮುಚ್ಚಿ, ಅದೇ ಇಕ್ಕಟ್ಟಿನ ಕೋಣೆಯಲ್ಲಿ ಗ್ಯಾಸ್ ಗೀಸರ್ ತೂಗುಹಾಕುವ ಮನೆಗಳಿವೆ. ಗಾಳಿ ಸಾಲದೆ ಉರಿಯುವ ಬೆಂಕಿ ಕಾರ್ಬನ್ ಮೊನಾಕ್ಸೈಡನ್ನು ಹುಟ್ಟಿಸುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದರೆ ಬಾಗಿಲ ಹೊರಗಿನವರಿಗೆ ತಿಳಿಯುವುದೂ ತಡವಾಗಿ. ಗೀಸರ್ ಹೊರಗಿರಲಿ, ಅದರ ಹೊಗೆ ಬಯಲಿಗೆ ಹೋಗಲಿ, ಬಚ್ಚಲಿನ ಗಂಡಿ ತೆರೆದೇ ಇರಲಿ. ಅಡುಗೆಯ ಗ್ಯಾಸಿನ ರೀತಿಯೇ ಬೇರೆ: ಅದು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿಯುತ್ತದೆ. ನೆತ್ತಿಯ ಹೊಗೆಗಂಡಿಯನ್ನು ನಂಬಿ ಕುಳಿತರೆ ಆಗದು. ಸಿಲಿಂಡರಿನ ಬಳಿ ನೆಲಮಟ್ಟದಲ್ಲೊಂದು ಕಿಂಡಿ ಬೇಕು.

ಹಿರಿಯ ಹೆಂಗಸರಿಗೆ ಒಲೆ ಕೀಳುವ ದಿನ ಮನಸ್ಸು ಭಾರವಾಗುವುದುಂಟು. ಮಕ್ಕಳು ಹಾಸ್ಯ ಮಾಡಿದರೂ ಬೂದಿಯನ್ನು ಕಸದ ಗುಂಡಿಗೆ ಸುರಿಯಲು ಅವರು ಬಿಡುವುದಿಲ್ಲ. ಅದು ತೆಂಗಿನ ಬುಡಕ್ಕೆ ಸೇರುತ್ತದೆ. ಕಿತ್ತ ಮುರಕಲ್ಲು ಬಾವಿಕಟ್ಟೆಯ ಮೆಟ್ಟಿಲಾಗುತ್ತದೆ, ಮಸಿ ಹಿಡಿದ ಮೈ ಕೆಳಗಾಗಿ.