ಪಾರ್ಸೆಲ್ ಆಗದ ದೋಸೆ

ದಾವಣಗೆರೆ ಎಂದ ಕೂಡಲೇ ನಿಮಗೆ ಬೆಣ್ಣೆದೋಸೆ ನೆನಪಾಗುತ್ತದೆ, ಅಲ್ಲವೆ? ಮದುವೆಗೋ ಸೀಮಂತಕ್ಕೋ ಪರಊರಿಗೆ ಹೋದರೆ ಸಾಕು, "ಬೆಣ್ಣೆದೋಸೆ ಊರಿನವರೇನ್ರೀ?" ಎಂದೇ ಮಾತು ಶುರು. ಆದರೆ ಸೋದರಿಯರೆ, ನಮ್ಮೂರ ಹೋಟೆಲಿನಲ್ಲಿ ಕುಳಿತು ಬರೀ "ದೋಸೆ" ಎಂದರೆ ನಡೆಯದು. ಬೆಣ್ಣೆಯೋ, ಖಾಲಿಯೋ, ಓಪನ್ನೋ ಎಂದು ಬಿಡಿಸಿ ಹೇಳಬೇಕು. ನಾನು ಬರೆಯಹೊರಟಿದ್ದು ಈ ಓಪನ್ ದೋಸೆಯ ವಿಚಾರ.

ಕಾದ ಹಂಚಿನ ಮೇಲೆ ಹಿಟ್ಟನ್ನು ಕೊಂಚ ದಪ್ಪಗೆ ಹರಡಿ, ಮೇಲೆ ಪುಟಾಣಿ ಚಟ್ನಿಪುಡಿ ಉದುರಿಸಿ, ನಡುವೆ ಬಿಳೀ ಆಲೂಗಡ್ಡೆ ಪಲ್ಯ ಇಟ್ಟು, ಅದರ ನೆತ್ತಿಗೊಂದು ಬೆಣ್ಣೆ ಉಂಡೆ. ಮಗುಚುವುದಿಲ್ಲ, ಮಡಿಸುವುದೂ ಇಲ್ಲ. ತಳ ಗರಿಗರಿ, ಮೇಲೆ ಮೆತ್ತಗೆ. ಎರಡು ತಿಂದರೆ ಮಧ್ಯಾಹ್ನದ ಊಟದ ಯೋಚನೆಯೇ ಬೇಡ. ಇದನ್ನು ಬಿಟ್ಟು ಬೇರೆ ಮುಟ್ಟದವರು ನಮ್ಮ ದೇವರಾಜ ಅರಸು ಬಡಾವಣೆಯಲ್ಲೇ ಎಷ್ಟೋ ಮಂದಿ ಇದ್ದಾರೆ.

ಊರಲ್ಲಿ ಹೇಳಿಕೊಂಡು ಬಂದ ಪ್ರಕಾರ ಈ ದೋಸೆಗಳ ಮೂಲ ಒಬ್ಬ ಹೆಣ್ಣುಮಗಳು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬುವರು ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹಾಕಿ ಮಾರುತ್ತಿದ್ದರಂತೆ. ಅಕ್ಕಿ ಹಿಟ್ಟು, ಬೆಣ್ಣೆ ಎಲ್ಲ ಆಮೇಲೆ ಬಂದದ್ದು. ನೋಡಿ ವಿಚಿತ್ರ! ಹೆಂಗಸು ಶುರುಮಾಡಿದ ದೋಸೆ. ಆದರೆ ಬಿಸಿಬಿಸಿಯಾಗಿ ತಿಂದವರು ಬಹುಪಾಲು ಗಂಡಸರೇ. ಮನೆಯ ಹೆಂಗಸರ ಪಾಲಿಗೆ ಬರುತ್ತಿದ್ದುದು ಪಾರ್ಸೆಲ್.

ನಮ್ಮ ಮಾವನವರು ಹತ್ತಿಗಿರಣಿಯಲ್ಲಿದ್ದವರು. ಆಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ರಾತ್ರಿ ಪಾಳಿ ಮುಗಿಸಿ ಬರುವಾಗ ಓಪನ್ ತಿಂದು, ಅತ್ತೆಗೆ ಬಾಳೆಲೆಯಲ್ಲಿ ಬೆಣ್ಣೆದೋಸೆ ಕಟ್ಟಿಸಿ ತರುತ್ತಿದ್ದರು. ಅದನ್ನಾದರೆ ಮಡಿಸಬಹುದು. ಓಪನ್ ಕಟ್ಟಿಸಿದರೆ ಪಲ್ಯ ಎಲೆಗೆ ಅಂಟಿ, ಚಟ್ನಿಪುಡಿ ಒದ್ದೆಯಾಗಿ ಮುದ್ದೆ. ಹೀಗಾಗಿ ಐವತ್ತು ವರ್ಷ ಈ ಊರಲ್ಲಿ ಸಂಸಾರ ಮಾಡಿದ ನಮ್ಮತ್ತೆ ಓಪನ್ ದೋಸೆಯ ರುಚಿಯನ್ನೇ ಕಂಡಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ಹೊಸಿಲು ದಾಟುವುದೇ ಅಪರೂಪವಾಯಿತು. ಊಟ ಅರ್ಧಕ್ಕರ್ಧ ಇಳಿಯಿತು. ಒಂದು ಮಂಗಳವಾರ, "ಬರ್ರಿ ಅತ್ತೆ, ಹೋಟೆಲಿಗೆ ಹೋಗಿ ಬರೋಣ" ಎಂದೆ. "ಅಯ್ಯೋ, ಗಂಡ ಹೋದೋಳು ಹೋಟೆಲ್ನಾಗ ಕುಂತು ತಿಂತಾಳ ಅಂತ ಜನ ನಗಲ್ಲೇನವ್ವಾ?" ಎಂದರು. ನಮ್ಮ ಮನೆಯವರೂ "ಪಾರ್ಸೆಲ್ ತರ್ತೀನಿ ಬಿಡು" ಎಂದರು. ನಾನು ಜಗ್ಗಲಿಲ್ಲ. ಜನ ನಗುವುದಾದರೆ ನನ್ನನ್ನೂ ಸೇರಿಸಿ ನಗಲಿ ಎಂದು ಆಟೋ ಕರೆದೆ.

ಬೆಳಿಗ್ಗೆ ಹತ್ತೂವರೆ. ಕಟ್ಟಿಗೆ ಒಲೆ ಭಗಭಗ ಉರಿಯುತ್ತಿತ್ತು. ಅತ್ತೆ ಸೆರಗು ಹೊದ್ದು ಗೋಡೆ ಕಡೆ ಮುಖ ಮಾಡಿ ಕುಳಿತರು. ತಟ್ಟೆ ಬಂತು, ಬೆಣ್ಣೆ ಇನ್ನೂ ಕರಗುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟವರು ಸುಮ್ಮನಾದರು. ನನಗೆ ಗಾಬರಿ. ಆಮೇಲೆ ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಇದನ್ನ ಒಬ್ರೇ ತಿಂದು ಬರ್ತಿದ್ರು ನೋಡವ್ವಾ, ಆ ಪುಣ್ಯಾತ್ಮ!" ಎಂದು ನಕ್ಕೇಬಿಟ್ಟರು. ಇನ್ನೊಂದು ತರಿಸಿಕೊಂಡರು. ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಅವರವರ ತಟ್ಟೆಯ ಮೇಲಿತ್ತು.

ಹೋಟೆಲು ದೂರವಿದ್ದವರು ಮನೆಯಲ್ಲೇ ಮಾಡಿನೋಡಿ. ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ ಮುಕ್ಕಾಲು ಲೋಟ, ಮೆಂತ್ಯ 1 ಚಮಚ ಸೇರಿಸಿ 5 ಗಂಟೆ ನೆನೆಸಿ. ರುಬ್ಬುವಾಗ ನೀರಲ್ಲಿ ತೊಯ್ಸಿ ಹಿಂಡಿದ ಮಂಡಕ್ಕಿ 2 ಲೋಟ ಹಾಕಿ, ಇದನ್ನು ಮರೆಯಬೇಡಿ. ರಾತ್ರಿಯಿಡೀ ಹುದುಗಲು ಬಿಟ್ಟು, ಬೆಳಿಗ್ಗೆ ಉಪ್ಪು ಬೆರೆಸಿ. ಪಲ್ಯಕ್ಕೆ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಇಷ್ಟೇ. ಅರಿಶಿನ ಬೇಡವೇ ಬೇಡ. ಚಟ್ನಿಪುಡಿಗೆ ಪುಟಾಣಿ, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರದ ಪುಡಿ, ಉಪ್ಪು. ಹಂಚು ಕಬ್ಬಿಣದ್ದಿರಲಿ, ಉರಿ ಹದವಾಗಿರಲಿ. ಬೆಣ್ಣೆ ಮನೆಯಲ್ಲಿ ಕಡೆದದ್ದಾದರೆ ಮೇಲು. ಅಂಗಡಿಯ ಉಪ್ಪುಬೆಣ್ಣೆ ಹಾಕಿದ ದಿನ ನಮ್ಮತ್ತೆ ಒಂದೇ ದೋಸೆಗೆ ಎದ್ದುಬಿಡುತ್ತಾರೆ.