ರೇಡಿಯೊದ ಪಾಠಶೋಧನೆ

ನಮ್ಮ ಬಸದಿಗಳ ದಾನಶಾಸನಗಳನ್ನು ಓದುವವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತ. ಒಡೆದುದನ್ನು, ಬಿರುಕುಬಿಟ್ಟುದನ್ನು, ಹಳತಾದುದನ್ನು ಎತ್ತಿ ನಿಲ್ಲಿಸುವುದಕ್ಕೆಂದು ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಟ್ಟ ವಿವರ ಅಲ್ಲಿರುತ್ತದೆ. ಆದರೆ ಎತ್ತಿ ನಿಲ್ಲಿಸಿದವನು ಯಾವುದನ್ನು ಇದ್ದಂತೆಯೇ ಉಳಿಸಿದ, ಯಾವುದನ್ನು ಹೊಸದಾಗಿ ಸೇರಿಸಿದ ಎಂಬ ಲೆಕ್ಕ ನಮಗೆ ಸಿಗುವುದು ಅಪರೂಪ. ಈ ಲೆಕ್ಕದ ಬೆಲೆ ಏನೆಂಬುದನ್ನು ನಾನು ತಡವಾಗಿ ಕಲಿತೆ. ಕಲಿಸಿದವರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ರೇಡಿಯೊಗಳನ್ನು ದುರಸ್ತಿ ಮಾಡುವ ಒಬ್ಬ ವೃದ್ಧರು.

ನನ್ನ ಸೋದರಳಿಯ ಅಲ್ಲಿ ಎಂಜಿನಿಯರ್. ಒಂದು ಬೇಸಿಗೆ ರಜೆಯಲ್ಲಿ ಐದು ವಾರ ಅವನ ಮನೆಯಲ್ಲಿದ್ದೆ. ಅವನು ಕೆಲಸಕ್ಕೆ ಹೋದ ಮೇಲೆ ಹಗಲು ಕಳೆಯುವುದೇ ಕಷ್ಟವಾಗಿತ್ತು. "ಮಾವ, ಪಕ್ಕದ ಮನೆಯ ತಾತನೂ ನಿಮ್ಮ ಹಾಗೆಯೇ, ಹಳೆಯದನ್ನು ಕೆದಕುವವರು" ಎಂದು ಒಂದು ಶನಿವಾರ ಪರಿಚಯ ಮಾಡಿಸಿದ. ಅವರ ನೆಲಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ರೇಡಿಯೊಗಳು. ಪ್ರತಿಯೊಂದಕ್ಕೂ ಒಂದು ಚೀಟಿ. ನನಗೆ ತಕ್ಷಣ ನೆನಪಾದದ್ದು ಬಟ್ಟೆಯಲ್ಲಿ ಸುತ್ತಿ ಸಂಖ್ಯೆ ಬರೆದಿಟ್ಟ ಓಲೆಯ ಕಟ್ಟುಗಳು.

ಈ ವಸ್ತುಗಳ ಚರಿತ್ರೆ ಸಾಮಾನ್ಯವಾದುದಲ್ಲ. 1923ರಲ್ಲಿ ಬರ್ಲಿನ್ನಿನಲ್ಲಿ 'ಇಡಿಯಲ್' ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯೊಂದು, ತಾನು ಪರೀಕ್ಷಿಸಿ ಒಪ್ಪಿದ ಹೆಡ್‌ಫೋನುಗಳ ಮೇಲೆ ನೀಲಿ ಚುಕ್ಕೆ ಇಡುತ್ತಿತ್ತು. ಜನ ಚುಕ್ಕೆಯನ್ನೇ ಕೇಳಿ ಕೊಳ್ಳತೊಡಗಿದರು. ಕೊನೆಗೆ ಸಂಸ್ಥೆಯ ಹೆಸರೇ 'ನೀಲಿ ಚುಕ್ಕೆ' ಎಂಬ ಅರ್ಥದ 'ಬ್ಲೌಪುಂಕ್ಟ್' ಎಂದಾಯಿತು. 1932ರಲ್ಲಿ ಅದು ಹೊರತಂದ 'ಎಎಸ್ 5' ಯುರೋಪಿನ ಮೊದಲ ಕಾರು ರೇಡಿಯೊ. ಅದರ ಗಾತ್ರ ಸುಮಾರು ಹತ್ತು ಲೀಟರ್; ಬೆಲೆ 465 ರೈಷ್‌ಮಾರ್ಕ್, ಎಂದರೆ ಆಗಿನ ಸಣ್ಣ ಕಾರೊಂದರ ಬೆಲೆಯ ಮೂರನೆಯ ಒಂದು ಭಾಗದಷ್ಟು. ಯುದ್ಧಾನಂತರ ಬಂದ ಬೆಕರ್ ಸಂಸ್ಥೆಯ 'ಮೆಕ್ಸಿಕೊ' 1953ರಲ್ಲಿಯೇ ಎಫ್‌ಎಂ ಕೇಂದ್ರಗಳನ್ನು ತಾನಾಗಿ ಹುಡುಕಿಕೊಳ್ಳುತ್ತಿತ್ತು. ಬೆಕರ್ ತನ್ನ ಮಾದರಿಗಳಿಗೆ ಲ ಮಾನ್, ಮೋನ್ಝಾ, ಆವುಸ್ ಎಂದು ಮೋಟಾರು ಪಂದ್ಯಗಳ ತಾಣಗಳ ಹೆಸರಿಟ್ಟರೆ, ಬ್ಲೌಪುಂಕ್ಟ್ ಬ್ರೆಮೆನ್, ಕ್ಯೋಲ್ನ್, ಫ್ರಾಂಕ್‌ಫುರ್ಟ್ ಎಂದು ಜರ್ಮನಿಯ ನಗರಗಳ ಹೆಸರಿಟ್ಟಿತು.

ಹಳೆಯ ಸ್ಪೋರ್ಟ್ಸ್ ಕಾರಿಗೆ ಇಂದು ಬಹಳ ಬೆಲೆ. ಅದರೊಡನೆ 'ಮೂಲ ರೇಡಿಯೊ' ಇದ್ದರೆ ಆ ಬೆಲೆ ಇನ್ನಷ್ಟು ಏರುತ್ತದೆ. ಆದ್ದರಿಂದ ಯಾವುದು ಮೂಲ ಎಂಬ ಪ್ರಶ್ನೆ ಹುಟ್ಟುತ್ತದೆ. ಇದಕ್ಕೆ ಅವರು ಉತ್ತರ ಹುಡುಕುತ್ತಿದ್ದ ಕ್ರಮವನ್ನು ಕಂಡು ನಾನು ಬೆರಗಾದೆ. ನಾವು ಬಾಹ್ಯ ಪ್ರಮಾಣ, ಆಂತರಿಕ ಪ್ರಮಾಣ ಎನ್ನುತ್ತೇವಲ್ಲ, ಆ ಎರಡೂ ಅಲ್ಲಿದ್ದವು. ಪೋರ್ಶೆ ಕಾರ್ಖಾನೆ ಪ್ರತಿ ಕಾರಿಗೂ 'ಕಾರ್ಡೆಕ್ಸ್' ಎಂಬ ದಾಖಲೆಪತ್ರವನ್ನು ಇಟ್ಟಿತ್ತು. ಕೆಲವು ಪತ್ರಗಳಲ್ಲಿ ರೇಡಿಯೊದ ಉಲ್ಲೇಖ ಸಿಗುತ್ತದೆ. ಆದರೆ ಉಲ್ಲೇಖವಿಲ್ಲ ಎಂದ ಮಾತ್ರಕ್ಕೆ ರೇಡಿಯೊ ಇರಲಿಲ್ಲವೆಂದು ಅರ್ಥವಲ್ಲ, ಏಕೆಂದರೆ ಎಷ್ಟೋ ಕಾರುಗಳಿಗೆ ಮಾರಾಟಗಾರನೇ ಅದನ್ನು ಕೂರಿಸಿ ಕೊಡುತ್ತಿದ್ದ. ಆಗ ಕಾರನ್ನೇ ಓದಬೇಕು. ಏರಿಯಲ್‌ಗೆಂದು ಕೊರೆದ ತೂತು, ಎಂಜಿನ್ನಿನ ಕಿಡಿಯ ಗದ್ದಲ ರೇಡಿಯೊಗೆ ತಾಗದಂತೆ ಅಳವಡಿಸಿದ ಸಣ್ಣ ಭಾಗಗಳು, ಡ್ಯಾಶ್‌ಬೋರ್ಡಿನ ಹಿಂದೆ ಉಳಿದ ತಂತಿ, ಇವೆಲ್ಲ ಸಾಕ್ಷಿಗಳು.

ರೇಡಿಯೊದ ಮೈಮೇಲೂ ಕಾಲದ ಗುರುತುಗಳಿರುತ್ತವೆ. ಬ್ಲೌಪುಂಕ್ಟ್‌ನ ಕ್ರಮಸಂಖ್ಯೆಯ ಆರಂಭದ ಅಕ್ಷರ ತಯಾರಾದ ವರ್ಷವನ್ನು ಸೂಚಿಸುತ್ತದೆ. ಎಫ್‌ಎಂ ಪಟ್ಟಿಯೂ ಮಾತನಾಡುತ್ತದೆ. ಜರ್ಮನಿಯಲ್ಲಿ ಅದು ಮೊದಲು 100 ಮೆಗಾಹರ್ಟ್ಸ್‌ಗೆ ನಿಲ್ಲುತ್ತಿತ್ತು, ಆಮೇಲೆ 104ರವರೆಗೆ, ಕೊನೆಗೆ 108ರವರೆಗೆ ಬೆಳೆಯಿತು. ಲಿಪಿಯ ತಲೆಕಟ್ಟನ್ನು ನೋಡಿ ನಾವು ಶತಮಾನ ಹೇಳುವಂತೆ, ಅವರು ಪಟ್ಟಿಯ ಕೊನೆಯ ಅಂಕಿಯನ್ನು ನೋಡಿ ಹೆಚ್ಚುಕಡಿಮೆ ಕಾಲವನ್ನು ಹೇಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕು ಮುಖಫಲಕದ್ದು. ಒಂದೇ ಮಾದರಿಯ ಯಂತ್ರವನ್ನು ಬೇರೆ ಬೇರೆ ಕಾರುಗಳಿಗೆ ಹೊಂದಿಸಲು ಸಂಸ್ಥೆಗಳು ಬೇರೆ ಬೇರೆ ಮುಖಫಲಕ, ಗುಂಡಿಗಳನ್ನು ಒದಗಿಸುತ್ತಿದ್ದವು. ಆದ್ದರಿಂದ ಮುಖ ಪೋರ್ಶೆಯದಾಗಿದ್ದು ಒಡಲು ಬೇರೊಂದು ಕಾರಿನದಾಗಿರಬಹುದು. ಒಂದು ಕೃತಿಯ ಕೊನೆಯ ಪುಷ್ಪಿಕೆಯ ಗರಿ ಇನ್ನೊಂದು ಕೃತಿಯ ಕಟ್ಟಿಗೆ ಸೇರಿ ನಮ್ಮನ್ನು ದಾರಿ ತಪ್ಪಿಸುವುದಿಲ್ಲವೇ? ಅಂಥದೇ ಸ್ಥಿತಿ.

ನಾನಿದ್ದಾಗ ಅಂಥದೊಂದು ಬಂತು. 1950ರ ದಶಕದ ಪೋರ್ಶೆ 356 ಕಾರಿನ ಒಡೆಯರೊಬ್ಬರು ತಂದ 'ಫ್ರಾಂಕ್‌ಫುರ್ಟ್'. ಮುಖಫಲಕ ನಿರ್ದುಷ್ಟವಾಗಿತ್ತು. ಕಾರಿನೊಡನೆಯೇ ಬಂದದ್ದೆಂದು ಮಾರಿದವರು ಹೇಳಿದ್ದರಂತೆ. ವೃದ್ಧರು ಅದನ್ನು ತಿರುಗಿಸಿ ಹಿಂಬದಿಯ ಪಟ್ಟಿಯನ್ನು ತೋರಿಸಿದರು. ಅದರಲ್ಲಿ 12 ವೋಲ್ಟ್ ಎಂದಿತ್ತು. ಆ ಕಾರಿನ ಬ್ಯಾಟರಿ 6 ವೋಲ್ಟಿನದು. ಹೊರಡುವಾಗಲೇ ಈ ಯಂತ್ರ ಈ ಕಾರಿನಲ್ಲಿ ಹಾಡಿರಲು ಸಾಧ್ಯವಿಲ್ಲ. ಒಡೆಯರ ಮುಖ ಬಾಡಿತು. ವೃದ್ಧರ ಕಪಾಟಿನಲ್ಲಿ ಅದೇ ಕಾಲದ 6 ವೋಲ್ಟಿನ ಒಡಲೊಂದಿತ್ತು. ಹಳೆಯ ಮುಖವನ್ನು ಅದಕ್ಕೆ ಹೊಂದಿಸಿ ಕೊಡಲು ಒಪ್ಪಿದರು. ಒಂದು ಷರತ್ತು ಮಾತ್ರ: ಬರಹದಲ್ಲಿ 'ಮೂಲ' ಎಂಬ ಪದ ಇರಕೂಡದು. ಅವರು ಚೀಟಿಯಲ್ಲಿ ಬರೆದದ್ದನ್ನು ಸೋದರಳಿಯ ನನಗೆ ಹೀಗೆ ತಿಳಿಸಿದ: "ಕಾಲಕ್ಕೆ ಸರಿಯಾದುದು. ಈ ಕಾರಿನದೇ ಎಂದು ಹೇಳಲಾಗದು."

ದುರಸ್ತಿಯನ್ನು ಎರಡು ವಾರ ನೋಡಿದೆ. ಆ ಕಾಲದ ವಾಲ್ವ್ ರೇಡಿಯೊಗೆ ಇನ್ನೂರರಷ್ಟು ವೋಲ್ಟ್ ಬೇಕು. ಬ್ಯಾಟರಿ ಕೊಡುವುದು ಆರೇ. ನಡುವೆ 'ವೈಬ್ರೇಟರ್' ಎಂಬ ಸಣ್ಣ ಡಬ್ಬಿ. ಅದರೊಳಗಿನ ಲೋಹದ ನಾಲಗೆ ಸೆಕೆಂಡಿಗೆ ಸುಮಾರು ನೂರು ಸಲ ಅದುರಿ ವಿದ್ಯುತ್ತನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದರೆ ಅದರ ತುದಿಗಳಿಗೆ ಕಿಲುಬು ಹಿಡಿಯುತ್ತದೆ. ಅದಕ್ಕಿಂತ ಅಪಾಯಕಾರಿಯಾದುದು ಮೇಣ ಸವರಿದ ಕಾಗದದ ಕೆಪಾಸಿಟರ್. ತೇವ ಕುಡಿದ ಕೆಪಾಸಿಟರ್ ತಡೆಯಬೇಕಾದ ವಿದ್ಯುತ್ತನ್ನು ಸೋರಗೊಟ್ಟು ಮುಂದಿನ ವಾಲ್ವನ್ನೇ ಸುಟ್ಟುಬಿಡುತ್ತದೆ. ಆದ್ದರಿಂದ ಪರೀಕ್ಷಿಸದೆ ಹಳೆಯ ರೇಡಿಯೊಗೆ ಬ್ಯಾಟರಿ ಜೋಡಿಸುವುದನ್ನು ಅವರು ಪಾಪವೆಂದೇ ಎಣಿಸಿದ್ದರು.

ಕೆಟ್ಟ ಕೆಪಾಸಿಟರಿನ ಹೊರಗವಚವನ್ನು ಬಿಸಿಮಾಡಿ, ಒಳಗಿನ ತಿರುಳನ್ನು ತೆಗೆದು, ಹೊಸ ಚಿಕ್ಕ ಕೆಪಾಸಿಟರನ್ನು ಅದರೊಳಗೇ ಇಟ್ಟು ಮೇಣದಿಂದ ಮುಚ್ಚುತ್ತಿದ್ದರು. ನೋಡುವವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇದು ಮೋಸವಲ್ಲವೇ ಎಂದು ನಾನು ಕೇಳಿಸಿದೆ. ಅವರು ಉತ್ತರ ಹೇಳದೆ ರೇಡಿಯೊದ ಮೇಲ್ಮುಚ್ಚಳವನ್ನು ಮಗುಚಿದರು. ಒಳಮೈಯಲ್ಲಿ ಒಂದು ಕಾಗದ ಅಂಟಿಸಿತ್ತು: ದಿನಾಂಕ, ಬದಲಿಸಿದ ಭಾಗಗಳ ಪಟ್ಟಿ, ಪ್ರತಿಯೊಂದರ ಹಳೆಯ ಮತ್ತು ಹೊಸ ಅಳತೆ. ತೆಗೆದ ತಿರುಳುಗಳೆಲ್ಲ ಒಂದು ಲಕೋಟೆಯಲ್ಲಿದ್ದವು. ಅದನ್ನೂ ಒಡೆಯರಿಗೇ ಕೊಡುತ್ತಿದ್ದರು. ಆ ಕಾಗದದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗೀಚಿದ ಇನ್ನೊಂದು ದಿನಾಂಕವಿತ್ತು. ಹಿಂದೊಮ್ಮೆ ಅದನ್ನು ರಿಪೇರಿ ಮಾಡಿದ ಅಜ್ಞಾತನದು. ಅದನ್ನು ಅವರು ಒರೆಸಿರಲಿಲ್ಲ.

ನಾನು ಅಂದು ಬೇಗನೆ ಎದ್ದು ಬಂದೆ. ಕಾರಣವನ್ನು ಈಗ ಹೇಳಬೇಕು. ವರ್ಷಗಳ ಹಿಂದೆ ನಾನು ಸಂಪಾದಿಸಿದ ಒಂದು ಸಣ್ಣ ಜೈನ ಕೃತಿಯ ಕಂದಪದ್ಯವೊಂದರಲ್ಲಿ ಹುಳು ತಿಂದ ಜಾಗವಿತ್ತು. ಉಳಿದದ್ದು ಒಂದೇ ಪ್ರತಿ. ಗಣ, ಪ್ರಾಸ, ಅರ್ಥ ಮೂರಕ್ಕೂ ಹೊಂದುವ ನಾಲ್ಕು ಅಕ್ಷರಗಳು ನನಗೆ ಹೊಳೆದವು. ಹೊಳೆದ ಸಂತೋಷದಲ್ಲಿ ಅವನ್ನು ಕಂಸದೊಳಗಿಡದೆ, ಅಡಿಟಿಪ್ಪಣಿಯೂ ಇಲ್ಲದೆ ಅಚ್ಚಿಗೆ ಕೊಟ್ಟೆ. ಪದ್ಯ ನಿರಾತಂಕವಾಗಿ ಓದಿಸಿಕೊಂಡಿತು. ಹತ್ತು ವರ್ಷಗಳ ಬಳಿಕ ಸಂಶೋಧನ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಮೌಲ್ಯಮಾಪನಕ್ಕೆ ಬಂದಾಗ, ಆ ಕವಿಯ ವಿಶಿಷ್ಟ ಪದಪ್ರಯೋಗಗಳ ಪಟ್ಟಿಯಲ್ಲಿ ನನ್ನ ಆ ನಾಲ್ಕು ಅಕ್ಷರಗಳೂ ಇದ್ದವು. ಅವಳ ತಪ್ಪೇನೂ ಇರಲಿಲ್ಲ. ನಾನು ಆಗ ಮೌನವಾಗಿದ್ದೆ. ಊಹೆ ಮಾಡಿದ್ದು ದೋಷವಲ್ಲ. ಊಹೆಯಿಲ್ಲದೆ ಗ್ರಂಥಸಂಪಾದನೆ ನಡೆಯದು. ಮುಚ್ಚಳದ ಒಳಗೆ ಕಾಗದ ಅಂಟಿಸದೆ ಹೋದದ್ದೇ ದೋಷ. ಸುಳ್ಳು ಹೇಳಿದೆನೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಆ ನೆಲಮಾಳಿಗೆಯಲ್ಲಿ ಅನ್ನಿಸಿತು.

ನಾನು ಹೊರಡುವ ಹಿಂದಿನ ಸಂಜೆ ರೇಡಿಯೊ ಸಿದ್ಧವಾಯಿತು. ವೈಬ್ರೇಟರ್ ಜೇನಿನಂತೆ ಗುಂಯ್‌ಗುಟ್ಟಿತು. ವಾಲ್ವುಗಳು ಕಾಯುವವರೆಗೆ ನಾವು ಮೂವರೂ ಮಾತನಾಡಲಿಲ್ಲ. ಎಫ್‌ಎಂನಲ್ಲಿ ಸುದ್ದಿ ಸ್ಪಷ್ಟವಾಗಿ ಕೇಳಿತು. ಮಧ್ಯಮ ತರಂಗಕ್ಕೆ ತಿರುಗಿಸಿದಾಗ ಹೆಚ್ಚಿನದೆಲ್ಲ ಬರೀ ಸುಯ್‌ಗುಟ್ಟುವ ಸದ್ದು. ಜರ್ಮನಿಯ ಸಾರ್ವಜನಿಕ ಬಾನುಲಿ ಕೇಂದ್ರಗಳು 2015ರ ಅಂತ್ಯದೊಳಗೆ ಆ ತರಂಗವನ್ನು ಬಿಟ್ಟಿವೆ. ಯಂತ್ರವನ್ನು ಪೂರ್ಣವಾಗಿ ಉದ್ಧರಿಸಿದರೂ ಅದು ಕೇಳುತ್ತಿದ್ದ ಆಕಾಶವನ್ನು ಮರಳಿ ತರಲಾಗದು. ಈ ಕಾರಣಕ್ಕೇ ಕೆಲವರು ಒಳಗಿನದನ್ನೆಲ್ಲ ಕಿತ್ತೆಸೆದು, ಹಳೆಯ ಮುಖದ ಹಿಂದೆ ಬ್ಲೂಟೂತ್ ಯಂತ್ರ ಕೂರಿಸುತ್ತಾರಂತೆ. ವೃದ್ಧರು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಸುಯ್‌ಗುಟ್ಟುವ ಪಟ್ಟಿಯನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಸರಿಪಡಿಸಿದ್ದರು.

ಊರಿಗೆ ಬಂದು ಮೊದಲು ಮಾಡಿದ ಕೆಲಸ ಆ ವಿದ್ಯಾರ್ಥಿನಿಗೆ ಪತ್ರ ಬರೆದದ್ದು. ಈಗ ಅವಳೂ ಅಧ್ಯಾಪಕಿ. "ಸರ್, ಆ ಪಟ್ಟಿಯಿಂದ ಒಂದು ಪದ ತೆಗೆದರೆ ನನ್ನ ವಾದ ಬೀಳುವುದಿಲ್ಲ. ಆದರೆ ಇನ್ನುಳಿದವನ್ನೂ ಒಮ್ಮೆ ನೋಡಿ ಹೇಳಿ" ಎಂದು ಉತ್ತರಿಸಿದಳು. ನ್ಯಾಯವಾದ ಮಾತು. ಓಲೆಯ ಛಾಯಾಚಿತ್ರಗಳನ್ನು ಮತ್ತೆ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಇದುವರೆಗೆ ಅಂಥ ಇನ್ನೂ ಎರಡು ಜಾಗಗಳು ಸಿಕ್ಕಿವೆ.